ಮೊಹರು ಹಾಕಿದ ಜೀಪು

೨೨ ಮೇ ೧೯೫೭, ಬುಧವಾರ

ಸಾಹೇಬರು ಇಂದು ತರಬೇತಿಗೆಂದು ಬೆಂಗಳೂರಿಗೆ ಹೋದರು. ಹದಿನೈದು ದಿನ ಬೀಜ ಪ್ರಚಾರ ಕಚೇರಿಯ ಸಮಸ್ತ ಭಾರ ಹೆಡ್ ಕ್ಲರ್ಕ್ ಚನ್ನಬಸವಯ್ಯನ ಮೇಲೆ, ಅಂದರೆ ನನ್ನ ಮೇಲೆ. ರೈಲು ಹೊರಡುವಾಗ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಜೀಪು ಜೋಪಾನ. ಆ ಕುಳ್ಳ ಕಡ್ಡಿ ಯಾರೂ ಮುಟ್ಟಕೂಡದು" ಎಂದರು. ನಾನು ರೈಲಿನ ಜೊತೆ ನಾಲ್ಕು ಹೆಜ್ಜೆ ಓಡಿ, "ಮುಟ್ಟೋಕೆ ಸಾಧ್ಯವೇ ಇಲ್ಲ ಸಾರ್" ಎಂದೆ. ಅದು ನಿಜ. ಸಾಧ್ಯವಿಲ್ಲದಂತೆ ಮಾಡಿದವನೇ ನಾನು.

ನಮ್ಮ ಜೀಪಿನಲ್ಲಿ ಗೇರ್ ಕಡ್ಡಿಯ ಪಕ್ಕಕ್ಕೆ ಇನ್ನೊಂದು ಕುಳ್ಳ ಕಡ್ಡಿ ಇದೆ. ಅದನ್ನು ಎಳೆದರೆ ಹಿಂದಿನ ಎರಡು ಗಾಲಿಗಳ ಜೊತೆ ಮುಂದಿನ ಎರಡು ಗಾಲಿಗಳಿಗೂ ಎಂಜಿನ್ನಿನ ಬಲ ಬಂದು ನಾಲ್ಕೂ ಎಳೆಯುತ್ತವೆ. ಕೆಸರು, ಮರಳು, ಏರು ಯಾವುದಕ್ಕೂ ಜಗ್ಗುವುದಿಲ್ಲವಂತೆ. ಆದರೆ ಹಾಗೆ ಓಡಿಸಿದರೆ ಟೈರು ಬೇಗ ಸವೆಯುತ್ತದೆ ಎಂದು ಹೋದ ವರ್ಷ ಮೇಲಿನಿಂದ ಒಂದು ಆಕ್ಷೇಪಣೆ ಬಂತು. ಸಾಹೇಬರು ತಲೆ ಕೆರೆದುಕೊಂಡರು. ನಾನು, "ಮೊಹರು ಹಾಕಿಬಿಡೋಣ ಸಾರ್" ಎಂದೆ. ಬೀಜದ ಮೂಟೆಗೆ ಹಾಕುವ ಹಾಗೆಯೇ ಕಡ್ಡಿಗೆ ದಾರ ಸುತ್ತಿ, ಬುಡಕ್ಕೆ ಅರಗು ಕರಗಿಸಿ ಹೊಯ್ದು, ಕಚೇರಿಯ ಹಿತ್ತಾಳೆ ಮುದ್ರೆಯನ್ನು ಒತ್ತಿದೆ. ಲಿಖಿತ ಅನುಮತಿ ಇಲ್ಲದೆ ಒಡೆಯಕೂಡದೆಂದು ಆದೇಶವನ್ನೂ ನಾನೇ ಬರೆದೆ. ಅಂದಿನಿಂದ ಟೈರು ಸವೆದಿಲ್ಲ.

ಡ್ರೈವರ್ ಮರಿಯಯ್ಯ ಮಾತ್ರ ಅದನ್ನು ನೋಡಿದಾಗಲೆಲ್ಲ ಮುಖ ಸಿಂಡರಿಸುತ್ತಾನೆ. "ಜೀಪ್ಗೆ ನಾಕು ಕಾಲು ಕೊಟ್ಟು ಎರಡನ್ನ ಕಟ್ಟಾಕ್ದಂಗಾಯ್ತಲ್ಲ ಸ್ವಾಮಿ" ಎನ್ನುತ್ತಾನೆ. ಟೆಂಪರರಿ ನೌಕರರಿಗೆ ಅಭಿಪ್ರಾಯ ಜಾಸ್ತಿ. ನಾಲ್ಕು ವರ್ಷದಿಂದ ಟೆಂಪರರಿಯಾಗಿರುವ ಇವನನ್ನು ಖಾಯಂ ಮಾಡುವ ಕಡತ ನನ್ನ ಮೇಜಿನ ಮೇಲೆಯೇ ಇದೆ. ಜೂನ್ ಹದಿನೈದರೊಳಗೆ ಸಾಹೇಬರ ಸಹಿ ಬೀಳದಿದ್ದರೆ ಆ ಹುದ್ದೆಯೇ ರದ್ದಾಗುತ್ತದೆ, ಇವನು ಮನೆಗೆ ಹೋಗಬೇಕಾಗುತ್ತದೆ. ಸಾಹೇಬರೋ, ಒಂದು ಸಣ್ಣ ದೂರು ಕಿವಿಗೆ ಬಿದ್ದರೂ ಪೆನ್ನಿನ ಕ್ಯಾಪು ಮುಚ್ಚುವವರು. ಆದ್ದರಿಂದ ಮರಿಯಯ್ಯ ಬಾಯಿ ಮುಚ್ಚಿಕೊಂಡಿರುವುದು ಅವನಿಗೇ ಒಳ್ಳೆಯದು.

೩೦ ಮೇ, ಗುರುವಾರ

ಮನೆಯಲ್ಲಿ ಒಂದು ವಾರದಿಂದ ಒಂದೇ ರಾಗ. ನನ್ನ ಹೆಂಡತಿ ಸುಂದರಮ್ಮ ಇಂದು ದೋಸೆ ಹಾಕುತ್ತ, "ಮಂಡಿ ಮೊಹಲ್ಲದಲ್ಲಿ ಮೂಟೆ ಹೊರೋ ಕತ್ತೇನೂ ವರ್ಷಕ್ಕೊಂದು ಸಲ ನಂಜನಗೂಡು ನೋಡುತ್ತೆ ಕಣ್ರೀ" ಎಂದಳು. ಸರ್ಕಾರಿ ವಾಹನದಲ್ಲಿ ಕುಟುಂಬದವರು ಕೂರಕೂಡದು ಎಂದು ಖಂಡಿತವಾಗಿ ಹೇಳಿದೆ. ನನ್ನ ಮೂವತ್ತು ವರ್ಷದ ಸರ್ವಿಸಿನಲ್ಲಿ ಇಂಥ ತಪ್ಪು ಮಾಡಿದವನಲ್ಲ.

"ಕುಟುಂಬ ಕೂರಬಾರ್ದು ಅಂತಿದೆ. ಭಕ್ತರು ಕೂರಬಾರ್ದು ಅಂತ ಎಲ್ಲಿದೆ?"

ನಿಯಮಾವಳಿ ತೆಗೆದು ನೋಡಿದೆ. ಎಲ್ಲಿಯೂ ಇಲ್ಲ.

ಅದೂ ಅಲ್ಲದೆ ನಂಜನಗೂಡಿನ ಆಚೆ ಕಪಿಲೆಯ ಮರಳದಿಣ್ಣೆಯ ಮೇಲೆ ನಮ್ಮ ಬೀಜದಿಂದ ಕಲ್ಲಂಗಡಿ ಬೆಳೆದವರಿದ್ದಾರೆ. ಮಳೆಗಾಲದ ಹೊಳೆ ಬರುವ ಮೊದಲು ಇಳುವರಿ ವರದಿ ತರಲೇಬೇಕು. ಭಾನುವಾರ ಹೋಗುವುದು ಕರ್ತವ್ಯ.

೨ ಜೂನ್, ಭಾನುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ, ಮುಂದೆ ಯಾರಾದರೂ ಕೇಳಿದರೆ ಸಂಗತಿಗಳು ಕ್ರಮವಾಗಿ ನೆನಪಿರಲಿ.

ಬೆಳಿಗ್ಗೆ ಆರಕ್ಕೆ ಹೊರಟೆವು. ಚಾಮುಂಡಿ ಬೆಟ್ಟ ಎಡಕ್ಕೆ ಸರಿಯುವ ಹೊತ್ತಿಗೆ ಹಿಂದಿನ ಸೀಟಿನಲ್ಲಿದ್ದ ಭಕ್ತೆ ಚಕ್ಕುಲಿ ತಿನ್ನಲು ಶುರು ಮಾಡಿದ್ದಳು. ನಂಜುಂಡೇಶ್ವರನ ದರ್ಶನವಾಯಿತು. ಛತ್ರದ ಜಗಲಿಯಲ್ಲಿ ನಾವಿಬ್ಬರು ಪುಳಿಯೋಗರೆ ತಿಂದೆವು. ಡ್ರೈವರ್‌ಗೆ ಎಲೆಯಲ್ಲಿ ಬೇರೆ ಪೊಟ್ಟಣ ಕಟ್ಟಿ ತಂದಿದ್ದಳು. ಅವನು ಎಂದಿನಂತೆ ದೂರ ಹೋಗಿ ಮರದ ಕೆಳಗೆ ತಿಂದ. ಎಲ್ಲವೂ ಪದ್ಧತಿಯಂತೆಯೇ ನಡೆದಿತ್ತು.

ಹತ್ತು ಗಂಟೆಗೆ ಹೊಳೆಯ ದಂಡೆ ತಲುಪಿದೆವು. ರಸ್ತೆ ಅಲ್ಲಿಗೆ ಮುಗಿಯಿತು. ಮುಂದೆ ಎರಡು ಫರ್ಲಾಂಗು ಬರಿಯ ಮರಳು, ಅದರಾಚೆ ಕಲ್ಲಂಗಡಿ ಬಳ್ಳಿ, ಒಂದು ಗುಡಿಸಲು. ಮರಿಯಯ್ಯ ಹೊಂಗೆಯ ನೆರಳಲ್ಲಿ ಗಾಡಿ ನಿಲ್ಲಿಸಿದ.

"ಇಲ್ಗೆ ಸಾಕು ಸ್ವಾಮಿ. ಮುಂದ್ಕೆ ಸಡ್ಲು ಮರಳು. ಕಡ್ಡಿಗೆ ಮೊಹರು ಬೇರೆ ಹಾಕಿದ್ದೀರಿ. ನಡ್ಕೊಂಡೋಗವ."

ನಾನು ಇಳಿಯಲು ಒಂದು ಕಾಲು ಹೊರಗಿಟ್ಟಿದ್ದೆ. ಆಗ ಹಿಂದಿನಿಂದ ಮಾತು ಬಂತು. "ಎತ್ತಿನ ಗಾಡಿ ಹೋಗಿರೋ ಗುರುತು ಅಲ್ಲೇ ಕಾಣ್ತಿದೆ. ಪಾಪ, ನಿಮ್ಮ ಸರ್ಕಾರದ ಜೀಪು ಹೋಗಲ್ವಂತೆ, ಬನ್ನಿ ನಡೆಯೋಣ."

ಆ 'ಪಾಪ' ಎನ್ನುವ ಮಾತು ಅವಳು ಆಡಬಾರದಿತ್ತು. ನಾನು ಕಾಲನ್ನು ಒಳಕ್ಕೆ ಎಳೆದುಕೊಂಡೆ.

"ಮರಿಯಯ್ಯ, ಬಿಡು ಗಾಡಿ."

"ಬ್ಯಾಡ ಸ್ವಾಮಿ."

"ಹೆಡ್ ಕ್ಲರ್ಕ್ ಹೇಳ್ತಿದ್ದೇನೆ, ಬಿಡು!"

ಬಿಟ್ಟ. ಮುಕ್ಕಾಲು ಫರ್ಲಾಂಗು ಸೊಗಸಾಗಿ ಹೋಯಿತು. ನಾನು ಹಿಂದಕ್ಕೆ ತಿರುಗಿ ಸುಂದರಮ್ಮನ ಮುಖ ನೋಡಿದೆ. ನೋಡುತ್ತಿದ್ದ ಹಾಗೆಯೇ ಅವಳ ಮುಖ ನನಗಿಂತ ಕೆಳಗೆ ಹೋಯಿತು. ಹಿಂದಿನ ಗಾಲಿಗಳು ಕುಸಿದಿದ್ದವು. ಮರಿಯಯ್ಯ ಕೂಡಲೇ ಎಂಜಿನ್ ತಗ್ಗಿಸಿದ. ನಾನು, "ಜೋರಾಗಿ ಒತ್ತು, ಜೋರಾಗಿ" ಎಂದೆ. ಅವನು ನನ್ನ ಮುಖವನ್ನೇ ನೋಡಿ, ಒತ್ತಿದ. ಗಾಲಿಗಳು ನಿಂತಲ್ಲೇ ಗಿರಗಿರನೆ ತಿರುಗಿ, ಮರಳನ್ನೆಲ್ಲ ಹಿಂದಕ್ಕೆ ಎರಚಿ, ಇರುಸಿನವರೆಗೂ ಹೂತುಕೊಂಡವು. ಸುಂದರಮ್ಮನ ಚಕ್ಕುಲಿ ಡಬ್ಬಿಯಲ್ಲಿ ಅರ್ಧ ಮರಳು.

ಗುಡಿಸಲಿನಿಂದ ಒಬ್ಬ ಹೆಂಗಸು ನಿಧಾನವಾಗಿ ನಡೆದು ಬಂದಳು. ಹೆಸರು ಪುಟ್ಟಬಸಮ್ಮ. ಕಲ್ಲಂಗಡಿ ತೋಟ ಇವಳದೇ. ಐವತ್ತರ ಮೇಲಿನ ವಯಸ್ಸು, ಬಾಯಿ ತುಂಬ ಎಲೆಯಡಿಕೆ. ಜೀಪನ್ನು ಒಂದು ಸುತ್ತು ಹಾಕಿ ನೋಡಿ, "ಗಾಡಿ ನೆಟ್ಬುಟ್ಟಿದ್ದೀರಲ್ಲ ಸ್ವಾಮಿ, ಇದ್ರಲ್ಲಿ ಕಾಯಿ ಯಾವಾಗ ಬುಡ್ತದೆ?" ಎಂದಳು. ಸುಂದರಮ್ಮ ನಕ್ಕಳು. ನನ್ನ ಪಕ್ಷದಲ್ಲಿ ಯಾರೂ ಇರಲಿಲ್ಲ.

ಮರಿಯಯ್ಯ ಎರಡು ಸಲಹೆ ಕೊಟ್ಟ. ಟೈರಿನ ಗಾಳಿ ಅರ್ಧ ಇಳಿಸಿದರೆ ಅದು ಅಗಲವಾಗಿ ಹರಡಿಕೊಂಡು ಮರಳಿನ ಮೇಲೆ ನಿಲ್ಲುತ್ತದಂತೆ. ಆಮೇಲೆ ಮೊಹರು ಒಡೆದು ಕುಳ್ಳ ಕಡ್ಡಿ ಎಳೆಯಬೇಕಂತೆ. ಪೂರ್ತಿ ಗಾಳಿ ತುಂಬಿದ ನಾಲ್ಕು ಟೈರು ಎಂದು ನಾನು ಸಹಿ ಮಾಡಿ ವಶಕ್ಕೆ ಪಡೆದಿದ್ದೇನೆ. ಗಾಳಿಯಾದರೂ ಸರ್ಕಾರದ್ದು. ಮೊಹರಿನ ವಿಷಯವಂತೂ ಎತ್ತಲೇ ಬೇಡ ಎಂದೆ. ಹಾಗಾದರೆ ಎತ್ತು ಕಟ್ಟಿ ಎಳೆಯುವುದೊಂದೇ ದಾರಿ. ಪುಟ್ಟಬಸಮ್ಮನ ಎತ್ತುಗಳು ಹಣ್ಣು ಹೇರಿಕೊಂಡು ಸಂತೆಗೆ ಹೋಗಿದ್ದವು. "ನಾಳೆ ಬೆಳಿಗ್ಗೆ ಕಟ್ಟಮ್ಮ" ಎಂದೆ.

"ನಾಳಿಕ್ಕಾ? ನಾಳಿಕ್ಕೆ ಸ್ವಾಮಾರ. ಸ್ವಾಮಾರ ಬಸವಣ್ಣನ ಕುತ್ಗೆ ಮ್ಯಾಲೆ ನೊಗ ಇಡಾಕಿಲ್ಲ."

"ಸರ್ಕಾರಿ ಕೆಲಸ ಕಣಮ್ಮ."

"ಇರ್ಲಿ ಬುಡಿ. ನಮ್ ಬಸವಣ್ಣ ಸರ್ಕಾರಿ ನೌಕ್ರ ಅಲ್ವಲ್ಲ."

ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾನು ಇದಕ್ಕೆ ಏನು ಹೇಳಲಿ? ಮರಿಯಯ್ಯನನ್ನು ಜೀಪಿನ ಕಾವಲಿಗೆ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಮೈಸೂರಿಗೆ ಬಂದೆವು. ಬಸ್ಸಿನಲ್ಲಿ ಆಗಾಗ ಸುಂದರಮ್ಮನ ಭುಜ ಕುಲುಕುತ್ತಿತ್ತು. ಅಳುತ್ತಿರಲಿಲ್ಲ ಎಂಬುದು ಖಚಿತ.

೩ ಜೂನ್, ಸೋಮವಾರ

ಕಚೇರಿಗೆ ಹೋದ ತಕ್ಷಣ ವರದಿಯ ಕರಡು ಬರೆದೆ. ಚೆನ್ನಾಗಿ ಬಂದಿದೆ. 'ಚಾಲಕನ ಅಜಾಗರೂಕತೆಯಿಂದ ವಾಹನವು ಮರಳಿನಲ್ಲಿ ಸಿಲುಕಿರುತ್ತದೆ' ಎಂಬ ವಾಕ್ಯದಲ್ಲಿ ಸುಳ್ಳು ಹುಡುಕುವುದು ಕಷ್ಟ. ವಾಹನ ನಡೆಸುತ್ತಿದ್ದವನು ಚಾಲಕ. ಸಿಲುಕಿದ್ದು ವಾಹನ. ನಡುವೆ ಇರುವ ಪದವೊಂದರ ಬಗ್ಗೆ ಮಾತ್ರ ಚರ್ಚೆ ಮಾಡಬಹುದು.

ಟೈಪಿಸ್ಟ್ ಸರ್ವಮಂಗಳಾ ಕರಡನ್ನು ಓದಿದಳು. ಈ ಹುಡುಗಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿಲ್ಲ, ಕನ್ನಡಕದ ಮೇಲಿನಿಂದ ನೋಡುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದಾಳೆ.

"ಸಾರ್, ಜೀಪ್ನಲ್ಲಿ ನೀವು ಎಲ್ಲಿ ಕೂತಿದ್ರಿ ಅಂತ ಇದ್ರಲ್ಲಿ ಇಲ್ವಲ್ಲ?"

"ಅದು ಅಪ್ರಸ್ತುತ."

"ಸರಿ ಸಾರ್. ಆದ್ರೆ ಟೈಪ್ ಮಾಡಕ್ಕಾಗಲ್ಲ. ರಿಬ್ಬನ್ ಹರಿದೋಗಿದೆ."

ಅವಳು ಆಚೆ ಹೋದ ಮೇಲೆ ಎರಡು ಗಂಟೆ ಕಾಲ ಬೇರೆ ಕಾಗದಗಳನ್ನು ಟೈಪು ಮಾಡುವ ಸದ್ದು ಕೇಳುತ್ತಲೇ ಇತ್ತು. ನಾನು ವಿಚಾರಿಸಲಿಲ್ಲ.

ನಾನೇನು ಕೆಟ್ಟವನಲ್ಲ. ನನಗೆ ಇನ್ನು ಹದಿನಾಲ್ಕು ತಿಂಗಳು ಸರ್ವಿಸ್ ಉಳಿದಿದೆ. ಆಗಸ್ಟಿನಲ್ಲಿ ಸೂಪರಿಂಟೆಂಡೆಂಟ್ ಬಡ್ತಿ ಬರುವುದಿದೆ. ಮರಿಯಯ್ಯ ಇನ್ನೂ ಚಿಕ್ಕ ವಯಸ್ಸಿನವನು, ಈ ಕೆಲಸ ಇಲ್ಲದಿದ್ದರೆ ಲಾರಿ ಓಡಿಸುತ್ತಾನೆ. ಇದನ್ನು ಮಧ್ಯಾಹ್ನ ಊಟಕ್ಕೆ ಬಂದಾಗ ಸುಂದರಮ್ಮನಿಗೂ ಹೇಳಿದೆ. ಅವಳು ಬಡಿಸುತ್ತ, "ಇವತ್ತು ಅವನಿಗೆ ಅಲ್ಲಿ ಊಟ ಯಾರು ಕೊಟ್ರು?" ಎಂದಳು.

ನನಗೆ ಗೊತ್ತಿರಲಿಲ್ಲ. ಅದೇನು ಅಂಥ ದೊಡ್ಡ ಪ್ರಶ್ನೆಯಲ್ಲ. ಆದರೂ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಾಗಲಿಲ್ಲ.

೪ ಜೂನ್, ಮಂಗಳವಾರ

ಮೊದಲ ಬಸ್ಸಿಗೆ ಹೋದೆ. ಮರಿಯಯ್ಯ ಎರಡು ದಿನದಿಂದ ಗಾಲಿಗಳ ಮುಂದಿನ ಮರಳನ್ನು ಕೈಯಲ್ಲೇ ತೋಡಿ ಇಳಿಜಾರು ಮಾಡಿಟ್ಟಿದ್ದ. ಅವನ ಹೆಂಡತಿ ಭಾಗ್ಯಮ್ಮ ನಿನ್ನೆ ಮೈಸೂರಿನಿಂದ ಬಂದು ಬುತ್ತಿ ಕೊಟ್ಟು ಹೋದಳಂತೆ. ವಿಷಯ ಅವಳಿಗೆ ಹೇಗೆ ತಿಳಿಯಿತು ಎಂದರೆ, "ಅಮ್ಮಾವ್ರೇ ಮನೆಗೆ ಹೋಗಿ ಹೇಳುದ್ರಂತೆ" ಎಂದ. ಯಾವ ಅಮ್ಮಾವರು? ನನ್ನ ಮನೆಯ ಅಮ್ಮಾವರು! ಭಾನುವಾರ ಸಂಜೆ ಬಸ್ಸಿಳಿದವಳೇ ಹಿಟ್ಟು ಬೀಸಿಸಿಕೊಂಡು ಬರುತ್ತೇನೆಂದು ಹೋಗಿದ್ದಳು. ಹಾಗಿದ್ದರೆ ನಿನ್ನೆ ಊಟದ ಹೊತ್ತಿನಲ್ಲಿ ಆ ಪ್ರಶ್ನೆ ಯಾಕೆ ಕೇಳಿದಳು?

ಪುಟ್ಟಬಸಮ್ಮ ಎತ್ತುಗಳನ್ನು ತಂದು ಹಗ್ಗ ಕಟ್ಟಿದಳು. ಮರಿಯಯ್ಯ ಮೆಲ್ಲಗೆ ಗೇರ್ ಹಾಕಿದ. ಎತ್ತುಗಳು ತಲೆ ತಗ್ಗಿಸಿ ಎಳೆದವು. ಜೀಪು ಒಂದು ಗೇಣು ಮುಂದೆ ಬಂತು! ನಾನು ಪಕ್ಕದ ಸೀಟಿನಲ್ಲಿ ಕುಳಿತವನು ಸಂತೋಷ ತಡೆಯಲಾರದೆ, ಎತ್ತುಗಳಿಗೂ ಹುರುಪು ಬರಲೆಂದು, ಕೈ ಚಾಚಿ ಹಾರ್ನ್ ಒತ್ತಿದೆ.

ಆ ಎತ್ತುಗಳು ಹುಟ್ಟಿದಾಗಿನಿಂದ ಹಾರ್ನ್ ಕೇಳಿದವಲ್ಲವಂತೆ. ಹಗ್ಗ ಹರಿಯಿತು. ಬಸವಣ್ಣಗಳು ಬಾಲ ಎತ್ತಿಕೊಂಡು ಕಲ್ಲಂಗಡಿ ಬಳ್ಳಿಗಳ ಮೇಲೆಯೇ ಓಡಿ ಊರು ಸೇರಿದವು. ಜೀಪು ಗೇಣು ಮುಂದೆ ಬಂದದ್ದು ಮೊಳ ಕೆಳಗೆ ಹೋಯಿತು. ಪುಟ್ಟಬಸಮ್ಮ ಎತ್ತುಗಳ ಹಿಂದೆ ಓಡುತ್ತ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅವುಗಳಲ್ಲಿ ಎರಡು ನನಗೆ ಹೊಸವು.

ಅವಳು ಎತ್ತು ಹಿಡಿದು ತರುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ. ಬೆದರಿದ ಎತ್ತುಗಳು ಅಂದು ಮತ್ತೆ ಜೀಪಿನ ಹತ್ತಿರ ಸುಳಿಯಲಿಲ್ಲ. ಅಷ್ಟು ಬೈದವಳೇ ಮುದ್ದೆ, ಸೊಪ್ಪಿನ ಸಾರು ತಂದಿಟ್ಟಳು. ಗುಡಿಸಲಿನಲ್ಲಿ ಇದ್ದದ್ದು ಒಂದೇ ಗಂಗಳ. ಮರಿಯಯ್ಯ ಯಾಕೋ ಹಿಂದೆ ಮುಂದೆ ನೋಡುತ್ತ ದೂರ ನಿಂತ. "ತಿನ್ನೋ ಮಾರಾಯ, ಆರಿ ಹೋಗುತ್ತೆ" ಎಂದೆ. ಇಬ್ಬರೂ ಎದುರುಬದುರು ಕೂತು ಖಾಲಿ ಮಾಡಿದೆವು. ಸಾರಿಗೆ ಉಪ್ಪು ಸ್ವಲ್ಪ ಕಡಿಮೆ ಇತ್ತು.

ಸಂಜೆ ಬಸ್ಸಿನ ಕಂಡಕ್ಟರ್ ಒಂದು ಸುದ್ದಿ ಹೇಳಿದ. ವಯನಾಡಿನಲ್ಲಿ ಮೂರು ದಿನದಿಂದ ಮಳೆ ಸುರಿಯುತ್ತಿದೆ, ನಾಳೆ ಹೊತ್ತು ಇಳಿಯುವ ಮೊದಲು ಕಪಿಲೆಗೆ ಹೊಸ ನೀರು ಬರುತ್ತದೆ. ಮನೆಗೆ ಬಂದರೆ ಸರ್ವಮಂಗಳಾ ತಂದುಕೊಟ್ಟ ಸಾಹೇಬರ ತಂತಿ. ಗುರುವಾರ ಬೆಳಿಗ್ಗೆ ಬರುತ್ತಾರಂತೆ, ಸ್ಟೇಷನ್ನಿಗೆ ಜೀಪು ಕಳಿಸಬೇಕಂತೆ.

೫ ಜೂನ್, ಬುಧವಾರ

ಮೈಯಲ್ಲಿ ನೋಯದ ಜಾಗವೇ ಇಲ್ಲ. ಕಿವಿಯಿಂದ ಇನ್ನೂ ಮರಳು ಉದುರುತ್ತಿದೆ. ಆದರೆ ಎಲ್ಲವನ್ನೂ ಬರೆಯುವವರೆಗೆ ಮಲಗುವುದಿಲ್ಲ.

ಬೆಳಿಗ್ಗೆ ಸುಂದರಮ್ಮ ಕಚ್ಚೆ ಬಿಗಿದು ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಕಚೇರಿಯಿಂದ ಬೀಜದ ಖಾಲಿ ಗೋಣಿಚೀಲ ಇಪ್ಪತ್ತು ಹೊರಿಸಿಕೊಂಡು ಬಸ್ಸು ಹತ್ತಿದೆವು. ದಂಡೆ ತಲುಪಿದಾಗ ಹತ್ತೂವರೆ. ಹೊಳೆಯ ಆಚೆ ಮಗ್ಗುಲಲ್ಲಿ ನೀರು ಕೆಂಪಗಾಗಿತ್ತು.

ಪುಟ್ಟಬಸಮ್ಮ ಗಾಬರಿಯಿಂದ ಉಳಿದ ಹಣ್ಣುಗಳನ್ನು ದಡಕ್ಕೆ ಸಾಗಿಸುತ್ತಿದ್ದಳು. ನಮ್ಮನ್ನು ಕಂಡವಳೇ ಕುಕ್ಕೆ ಕೆಳಗಿಟ್ಟು, "ಇವತ್ತು ನಾನೇಳ್ದಂಗೆ ಕೇಳ್ತೀರೋ, ನಿಮ್ ಕಾನೂನ್ ಕೇಳ್ತೀರೋ?" ಎಂದಳು.

ಕೇಳುತ್ತೇವೆ ಎಂದೆವು.

"ಅಂಗಾದ್ರೆ ಮುಂದ್ಲ ಮರಳ್ಗೆ ನೀರ್ ಉಯ್ರಿ. ನೀರ್ ಬಿದ್ರೆ ಮರಳು ಗಟ್ಟಿಯಾಯ್ತದೆ. ನಮ್ ಗಾಡಿ ಊತ್ಕಂಡ್ರೆ ನಾವು ಅಂಗೇ ಮಾಡದು."

ನನ್ನ ಸುಂದರ ಮತ್ತು ಪುಟ್ಟಬಸಮ್ಮ ಕೊಡ ಕೊಡ ನೀರು ತಂದು ಹೊಯ್ದರು. ನಾನು ಮತ್ತು ಮರಿಯಯ್ಯ ಗಾಲಿಗಳ ಮುಂದೆ ತೋಡಿ, ಗೋಣಿಚೀಲ ಹಾಸಿದೆವು. ಆಮೇಲೆ ಗಾಳಿ. ಮರಿಯಯ್ಯ ನನ್ನ ಮುಖ ನೋಡಿದ. ನಾನು ಒಂದು ಮುಳ್ಳು ಕಿತ್ತು, ಮಂಡಿಯೂರಿ, ಮುಂದಿನ ಟೈರಿನ ಮೂತಿಗೆ ಒತ್ತಿದೆ. ಬುಸ್ಸೆಂದು ಹೊರಟ ಸರ್ಕಾರಿ ಗಾಳಿ ನನ್ನ ಬೆವರಿದ ಮುಖಕ್ಕೆ ತಂಪಾಗಿ ಬೀಸಿತು. ಬಹಳ ಹಿತವಾದ ಸದ್ದು. ಉಳಿದ ಮೂರನ್ನೂ ಬೇರೆ ಯಾರಿಗೂ ಬಿಟ್ಟುಕೊಡದೆ ನಾನೇ ಬಿಟ್ಟೆ.

ಉಳಿದದ್ದು ಮೊಹರು. ಹನ್ನೆರಡೂವರೆ ಆಗಿತ್ತು. ಕೆಂಪು ನೀರಿನ ಎಳೆಗಳು ದಿಣ್ಣೆಯ ತಗ್ಗುಗಳಲ್ಲಿ ಹರಿದು ಬರುತ್ತಿದ್ದವು. ಒಡೆಯುವುದೆಂದು ನಾನು ನಿರ್ಧರಿಸಿಯಾಗಿತ್ತು. ಆದರೆ ಮೊಹರನ್ನು ಸುಮ್ಮನೆ ಒಡೆಯುವಂತಿಲ್ಲ, ಇಬ್ಬರು ಪಂಚರ ಸಮಕ್ಷಮ ಮಹಜರು ಆಗಬೇಕು. ಜೀಪಿನ ಬಾನೆಟ್ ಮೇಲೆ ಕಾಗದ ಹಾಸಿ ಬರೆಯತೊಡಗಿದೆ. 'ಈ ದಿನ ಮಧ್ಯಾಹ್ನ ಹನ್ನೆರಡೂವರೆ ಗಂಟೆ ಸಮಯದಲ್ಲಿ ನಾವು ಕೆಳಗೆ ಸಹಿ ಮಾಡಿದ ಪಂಚರು...'

"ಏನ್ರೀ ಬರೀತಿದ್ದೀರಿ?" ಎಂದಳು ಸುಂದರ.

"ಮಹಜರು. ನೀನೊಬ್ಬಳು ಪಂಚ, ಪುಟ್ಟಬಸಮ್ಮ ಇನ್ನೊಬ್ಬಳು. ತಂದೆ ಹೆಸರೇನಮ್ಮ ನಿನ್ನದು?"

"ನಮ್ಮಪ್ಪ ಸತ್ತು ಮೂವತ್ತೊರ್ಸ ಆಯ್ತು ಸ್ವಾಮಿ, ಅವ್ನ ಯಾಕೆ ಮರಳ್ಗೆ ಎಳೀತೀರಿ? ಅಲ್ನೋಡಿ, ಒಳೆ ಬಂದ್ಬುಡ್ತು. ಅದು ನಿಮ್ ಕಾಗ್ದ ಓದ್ತದಾ?"

ತಿರುಗಿ ನೋಡಿದೆ. ಬಳ್ಳಿಗಳ ಸಾಲಿನ ನಡುವೆ ನೀರು ಬರುತ್ತಿತ್ತು, ಒಂದು ಕಲ್ಲಂಗಡಿ ತೇಲುತ್ತಿತ್ತು. ಮರಿಯಯ್ಯ ಜೀಪಿನ ಪಕ್ಕ ನಿಂತು ಅದನ್ನೇ ನೋಡುತ್ತಿದ್ದ. ಜೀಪು ಹೊಳೆಯ ಪಾಲಾದರೆ ಅವನ ನಾಲ್ಕು ವರ್ಷವೂ ಅದರ ಜೊತೆಯಲ್ಲೇ ಹೋಗುತ್ತದೆ. ಅದು ಅವನಿಗೆ ಭಾನುವಾರವೇ ಗೊತ್ತಿತ್ತು, ಆದರೂ ಒಂದು ಮಾತು ಆಡಿರಲಿಲ್ಲ.

ಕಾಗದ ಕೆಳಗೆ ಹಾಕಿ, ಕಲ್ಲು ತೆಗೆದುಕೊಂಡು, ಮೊಹರಿನ ಮೇಲೆ ಕುಟ್ಟಿದೆ. ದಾರವನ್ನು ಹಲ್ಲಿನಲ್ಲಿ ಕಡಿದೆ. ಆದರೆ ಕಡ್ಡಿ ಮಿಸುಕಲಿಲ್ಲ! ಹೋದ ವರ್ಷ ನಾನು ಅಷ್ಟು ಶ್ರದ್ಧೆಯಿಂದ ಹೊಯ್ದ ಅರಗು ಸಂದಿಗೆಲ್ಲ ಇಳಿದು ಕಲ್ಲಿನಂತೆ ಕಚ್ಚಿಕೊಂಡಿತ್ತು. ಪುಟ್ಟಬಸಮ್ಮ ಓಡಿಹೋಗಿ ಒಲೆಯ ಕೆಂಡವನ್ನು ಸೌಟಿನಲ್ಲಿ ತಂದಳು. ಕೆಂಡ ಕಡ್ಡಿಯ ಬುಡಕ್ಕೆ ಹಿಡಿದು ಮರಿಯಯ್ಯ ಊದಿದ, ನಾನು ಊದಿದೆ. ಇಬ್ಬರ ಹಣೆಗಳೂ ಢೀ ಹೊಡೆದವು. ಅರಗು ಕರಗಿ ತೊಟ್ಟಿಕ್ಕಿತು. ಕಡ್ಡಿ ಕಟ್ ಎಂದು ಹಿಂದಕ್ಕೆ ಬಂತು.

"ಈಗ ಯಾರೂ ಹಾರ್ನ್ ಒತ್ಬ್ಯಾಡಿ" ಎಂದ ಮರಿಯಯ್ಯ. ಅವನು ನನಗೆ ಕೊಟ್ಟ ಮೊದಲ ಆಜ್ಞೆ ಅದು.

ಎತ್ತುಗಳು ಮುಂದೆ, ಪುಟ್ಟಬಸಮ್ಮ ಅವುಗಳ ಮೂಗುದಾರ ಹಿಡಿದು. ನಾನು, ಸುಂದರ ಹಿಂದಿನಿಂದ ಭುಜ ಕೊಟ್ಟೆವು. ಪಾದದ ಮೇಲೆ ನೀರು ಹರಿಯುತ್ತಿತ್ತು. ಮರಿಯಯ್ಯ ಎಂಜಿನ್ನನ್ನು ಗದರಿಸದೆ, ಮಗುವನ್ನು ನಡೆಸುವ ಹಾಗೆ ಮೆಲ್ಲಗೆ ಬಿಟ್ಟ. ಮುಂದಿನ ಗಾಲಿಗಳು ಗೋಣಿಚೀಲವನ್ನು ಕಚ್ಚಿದವು. ಜೀಪು ಅಲುಗಾಡಿತು, ಎದ್ದಿತು, ಹೊರಟೇಬಿಟ್ಟಿತು. ನಾನು ಮುಖ ಅಡಿಯಾಗಿ ಮರಳಿಗೆ ಬಿದ್ದೆ. ಎದ್ದು ನೋಡುವಷ್ಟರಲ್ಲಿ ಅದು ಎತ್ತುಗಳ ಜೊತೆ ಹೊಂಗೆ ಮರದ ಕಡೆ ಹೋಗುತ್ತಿತ್ತು. ನಾನು ಕಿರುಚುತ್ತ ಅದರ ಹಿಂದೆ ಓಡಿದೆ. ಏನೆಂದು ಕಿರುಚಿದೆನೋ ನೆನಪಿಲ್ಲ. ಪುಟ್ಟಬಸಮ್ಮನ ನಿನ್ನೆಯ ಎರಡು ಹೊಸ ಮಾತು ಅದರಲ್ಲಿದ್ದವು ಎಂದು ಸುಂದರ ಹೇಳುತ್ತಾಳೆ.

ದಡ ಹತ್ತುವಾಗ ಕಲ್ಲೊಂದು ತಗುಲಿ ಸೈಲೆನ್ಸರ್ ಕಳಚಿ ಬಿತ್ತು. ಅದನ್ನು ಎತ್ತಿಕೊಳ್ಳುವ ಮೊದಲೇ ಹೊಳೆ ತೆಗೆದುಕೊಂಡಿತು. ಪಂಪು ತಂದು ಗಾಳಿ ಹೊಡೆದುಕೊಂಡು ನಾಲ್ಕು ಗಂಟೆಗೆ ಮೈಸೂರು ಸೇರಿದೆವು. ಜೀಪಿನ ಗರ್ಜನೆಗೆ ಮಂಡಿ ಮೊಹಲ್ಲದ ಅಂಗಡಿಯವರೆಲ್ಲ ಬೀದಿಗೆ ಬಂದರು. ಕಚೇರಿಯಲ್ಲಿ ಬಾಗಿಲು ಹಾಕಿಕೊಂಡು ಅರಗು ಕರಗಿಸಿ ಕಡ್ಡಿಗೆ ಮತ್ತೆ ಮೊಹರು ಹಾಕಿದೆ. ಸರ್ವಮಂಗಳಾ ಮೇಣದ ಬತ್ತಿ ಹಿಡಿದಳು. ಮೊದಲಿಗಿಂತ ಚೆಂದ ಬಂತು.

೬ ಜೂನ್, ಗುರುವಾರ

ಸೈಲೆನ್ಸರ್ ಎಲ್ಲಿಯೂ ಸಿಗಲಿಲ್ಲ. ಸಾಹೇಬರು ಸ್ಟೇಷನ್ನಿನಿಂದ ಕಚೇರಿಯವರೆಗೆ ಕಿವಿ ಮುಚ್ಚಿಕೊಂಡೇ ಬಂದರು. ಇಳಿದು, "ಯಾರು ಮಾಡಿದ್ದು ಇದು?" ಎಂದರು.

ಮರಿಯಯ್ಯ, "ನನ್ನಿಂದ ಆಯ್ತು ಸ್ವಾಮಿ, ಕಲ್ಲು ನೋಡ್ಲಿಲ್ಲ" ಎಂದ.

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

೭ ಜೂನ್, ಶುಕ್ರವಾರ

ಬೆಳಿಗ್ಗೆ ಹತ್ತಕ್ಕೆ ಸಾಹೇಬರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೇಡವೆಂದವನನ್ನು ಮರಳಿಗೆ ಇಳಿ ಎಂದವನು ನಾನು, ಜೋರಾಗಿ ಒತ್ತೆಂದವನು ನಾನು, ಹೆಂಡತಿಯನ್ನು ಕೂರಿಸಿಕೊಂಡವನು ನಾನು, ಗಾಳಿ ಬಿಟ್ಟವನು ನಾನು. ಹೇಳುತ್ತ ಹೋದ ಹಾಗೆ ಒಂದು ತರಹ ಉತ್ಸಾಹವೇ ಬಂತು. ಹೊಳೆ ಬಂದದ್ದನ್ನು ಸಾಹೇಬರು ಸಹಿಸಿಕೊಂಡರು. ಮೊಹರು ಒಡೆದೆ ಎಂದಾಗ ಮಾತ್ರ ಕುರ್ಚಿಯಿಂದ ಎದ್ದರು.

"ನೀವಾ?"

"ಹೌದು ಸಾರ್. ಮತ್ತೆ ಹಾಕಿದವನೂ ನಾನೇ."

ಸಾಹೇಬರು ಮತ್ತೆ ಕುಳಿತರು. "ಚನ್ನಬಸವಯ್ಯ, ಬಡ್ತಿ ಇಟ್ಟುಕೊಂಡು ಯಾಕೆ ಇದೆಲ್ಲ? ಡ್ರೈವರ್ ತಾನೇ ಒಪ್ಪಿಕೊಂಡಿದ್ದಾನೆ. ಅವನ ಹೆಸರಲ್ಲೇ ಮುಗಿಸೋಣ."

ಬೇಡ ಸಾರ್ ಎಂದೆ. ಮೂವತ್ತು ವರ್ಷದಲ್ಲಿ ಯಾವ ಸಾಹೇಬರಿಗೂ ನಾನು ಬೇಡ ಎಂದದ್ದಿಲ್ಲ. ಅಷ್ಟೇನೂ ಕಷ್ಟವಲ್ಲ.

ಹಾಗಾದರೆ ನನ್ನ ಸರ್ವಿಸ್ ರಿಜಿಸ್ಟರಿನಲ್ಲಿ ರಿಮಾರ್ಕು ಬರೆಯಬೇಕಾಗುತ್ತದೆ, ಬಡ್ತಿ ಹೋಗುತ್ತದೆ ಎಂದರು. ಮರಿಯಯ್ಯನ ಖಾಯಂ ಕಡತದ ಗತಿಯೇನೆಂದು ಕೇಳಿದೆ. "ಅವನೂ ಸುಳ್ಳು ಹೇಳಿದನಲ್ಲ, ಸ್ವಲ್ಪ ಕಾಯಲಿ, ಮುಂದಿನ ತಿಂಗಳು ನೋಡೋಣ" ಎಂದರು. ಹದಿನೈದಕ್ಕೆ ಹುದ್ದೆಯೇ ಇರುವುದಿಲ್ಲ ಎಂದೆ. ಅವರು ಆಗಲೇ ಪೆನ್ನಿನ ಕ್ಯಾಪು ಮುಚ್ಚಿದ್ದರು.

೧೦ ಜೂನ್, ಸೋಮವಾರ

ನನ್ನ ಮೇಲಿನ ರಿಮಾರ್ಕನ್ನು ಬರೆದು ತರಲು ಸಾಹೇಬರು ನನಗೇ ಹೇಳಿದ್ದರು. ತಮಗೆ ಕೈ ಬರುವುದಿಲ್ಲವಂತೆ. ಬಹಳ ಚೆನ್ನಾಗಿ ಬರೆದೆ. 'ಸ್ವೇಚ್ಛಾಚಾರ' ಎಂಬ ಪದವನ್ನೂ ಸೇರಿಸಿದೆ, ಅವರು ಕೇಳಿರಲಿಲ್ಲ. ಸರ್ವಮಂಗಳಾ ಮೂರು ಪ್ರತಿ ಟೈಪು ಮಾಡಿದಳು. ರಿಬ್ಬನ್ ಚೆನ್ನಾಗಿಯೇ ಇತ್ತು. ಮೂರು ಪ್ರತಿಯ ಕೆಳಗೆ ಇನ್ನೊಂದು ಹಾಳೆ ಇಟ್ಟು, ಸಹಿ ಮಾಡುವ ಜಾಗಗಳು ಮಾತ್ರ ಮೆಟ್ಟಿಲಿನಂತೆ ಕಾಣುವ ಹಾಗೆ ಜೋಡಿಸಿ ತೆಗೆದುಕೊಂಡು ಹೋದೆ.

ಸಾಹೇಬರಿಗೆ ನನ್ನ ಮುಖ ನೋಡಲಾಗಲಿಲ್ಲ. ಒಳ್ಳೆಯ ಮನುಷ್ಯರು. ತಲೆ ತಗ್ಗಿಸಿಕೊಂಡು ಸರಸರನೆ ನಾಲ್ಕು ಸಹಿ ಹಾಕಿ, "ಐ ಆಮ್ ಸಾರಿ" ಎಂದರು. ಪರವಾಗಿಲ್ಲ ಸಾರ್ ಎಂದೆ. ಸಾಹೇಬರು ಸಹಿ ಮಾಡುವ ಮೊದಲು ಓದಲೇಬೇಕೆಂದು ನಿಯಮಾವಳಿಯಲ್ಲಿ ಎಲ್ಲಿಯೂ ಇಲ್ಲ. ನೋಡಿಕೊಂಡೇ ಹೋಗಿದ್ದೆ. ಇನ್ನು ಅದನ್ನು ಹಿಂತೆಗೆದುಕೊಳ್ಳಬೇಕಾದರೆ ವಿಚಾರಣೆ ಬೇಕು, ವಿಚಾರಣೆಗೆ ನೋಟೀಸು ಬೇಕು, ನೋಟೀಸು ನನ್ನ ಮೇಜಿನಿಂದಲೇ ಹೊರಡಬೇಕು.

ಸಂಜೆ ಮರಿಯಯ್ಯನನ್ನು ಮನೆಗೆ ಕರೆದೆ. ಅವನು ಜಗಲಿಯ ಕೆಳಗೇ ನಿಂತ. ಅಲ್ಲಿ ನಿಂತರೆ ಕೇಳಿಸುವುದಿಲ್ಲ ಎಂದು ನಡುಮನೆಗೆ ಕರೆದು ಚಾಪೆಯ ಮೇಲೆ ಕೂರಿಸಿದೆ. ಸುಂದರ ಮೂವರಿಗೂ ಕಾಫಿ ತಂದಳು. ನಾಲ್ಕನೆಯ ಹಾಳೆಯನ್ನು ಅವನ ಕೈಗೆ ಕೊಟ್ಟೆ. ಇಂಗ್ಲಿಷಿನಲ್ಲಿತ್ತು, ಅವನಿಗೆ ಓದಲು ಬರುವುದಿಲ್ಲ. "ಇದ್ರಲ್ಲಿ ಏನದೆ ಸ್ವಾಮಿ? ಮನೆಗ್ ಹೋಗು ಅಂತಾನಾ?" ಎಂದ.

ನಾನು ಕನ್ನಡಕ್ಕೆ ತಿರುಗಿಸಿ ಓದಿದೆ. 'ಜೂನ್ ತಿಂಗಳ ಹತ್ತನೆಯ ತಾರೀಕಿನಿಂದ ಶ್ರೀ ಮರಿಯಯ್ಯ ಬಿನ್ ಕಾಳಯ್ಯ ಇವರನ್ನು ವಾಹನ ಚಾಲಕರ ಹುದ್ದೆಯಲ್ಲಿ ಖಾಯಂ ಮಾಡಲಾಗಿದೆ.'

ಅವನು ಕಾಫಿ ಲೋಟ ಕೆಳಗಿಟ್ಟ. "ಇನ್ನೊಂದ್ಸಲ ಓದಿ ಸ್ವಾಮಿ."

ಓದಿದೆ.

"ಇನ್ನೊಂದ್ಸಲ."

ನಾಲ್ಕು ಸಲ ಓದಿದೆ. ಐದನೆಯ ಸಲ 'ಶ್ರೀ ಮರಿಯಯ್ಯ' ಎನ್ನುವವರೆಗೆ ಓದಿ ಹಾಳೆಯನ್ನು ಅವನ ಕೈಗೇ ಕೊಟ್ಟೆ. ಉಳಿದದ್ದನ್ನು ಅವನೇ ಹೇಳಿ ಮುಗಿಸಿದ, ಒಂದಕ್ಷರ ಬಿಡದೆ.